ಆರ್ಗನ್ನಿನ ಹೊಟ್ಟೆಯಲ್ಲಿದ್ದ ಕಲ್ಲು

ಆರ್ಗನ್ ಕೊಳ್ಳಲು ಬಂದವರು ಮೊದಲು ಅದನ್ನು ನುಡಿಸಿ ನೋಡುವುದಿಲ್ಲ. ಬೆರಳಿನ ಗೆಣ್ಣಿನಿಂದ ಪಕ್ಕದ ಹಲಗೆಯನ್ನು ತಟ್ಟುತ್ತಾರೆ. ಆಮೇಲೆ ಒಂದು ಮೂಲೆ ಹಿಡಿದು ಎತ್ತಲು ನೋಡುತ್ತಾರೆ. ಎತ್ತಲು ಬಾರದಿದ್ದರೆ ಸಮಾಧಾನದಿಂದ ತಲೆಯಾಡಿಸುತ್ತಾರೆ. ಅಬಿಡ್ಸ್‌ನ ಒಂದು ವಾದ್ಯದ ಅಂಗಡಿಯಲ್ಲಿ ನನ್ನ ದುಡಿಯುವ ವಯಸ್ಸೆಲ್ಲ ಕಳೆಯಿತು. ತಟ್ಟದೆ, ಎತ್ತದೆ, ನೇರವಾಗಿ ಕುಳಿತು ನುಡಿಸಿ ನೋಡಿದವರನ್ನು ನಾನು ಒಬ್ಬರನ್ನೇ ಕಂಡದ್ದು. ಅವರಿಗೇ ನಾನು ಮೋಸ ಮಾಡಿದೆ. ಅದನ್ನು ಬರೆಯಲು ಕುಳಿತಿದ್ದೇನೆ.

ನಾನು ಲಿಂಗಸೂರು ಕಡೆಯವನು. ಮೆಟ್ರಿಕ್ ಪಾಸಾದ ಮೇಲೆ ಓದುವ ಮನಸ್ಸಾಗಲಿಲ್ಲ, ಓದಿಸುವ ಮನಸ್ಸು ಮನೆಯವರಿಗೂ ಇರಲಿಲ್ಲ. ಕಾಚಿಗೂಡದ ಒಂದು ಲಾಡ್ಜಿನಲ್ಲಿ ನಮ್ಮ ಸೋದರಮಾವ ಕೆಲಸಕ್ಕಿದ್ದ. ಅವನು ನನ್ನನ್ನು ಹಾರ್ಮೋನಿಯಂ ಮಾಡುವವರ ಬಳಿ ಸೇರಿಸಿದ. ಮರ ಕೊಯ್ಯುವುದು, ತಿದಿ ಅಂಟಿಸುವುದು, ಪಾಲಿಶ್ ಹೊಡೆಯುವುದು ಅಲ್ಲಿ ಕಲಿತೆ. ಆಮೇಲೆ ಅಬಿಡ್ಸ್‌ನ ಸೇಠ್ ನನ್ನನ್ನು ಕರೆದುಕೊಂಡ. ಅವನು ಚರ್ಚುಗಳಿಗೆ ಎಲೆಕ್ಟ್ರಾನಿಕ್ ಆರ್ಗನ್ ಮಾರುತ್ತಿದ್ದ.

ಎಲೆಕ್ಟ್ರಾನಿಕ್ ಆರ್ಗನ್ನಿನಲ್ಲಿ ಎರಡು ಭಾಗ. ಧ್ವನಿ ಕೊಡುವ ಯಂತ್ರ ಮತ್ತು ಬಿಳಿ, ಕರಿ ಕೀಗಳ ಎರಡು ಸಾಲು ಹೊರದೇಶದಿಂದ ಡಬ್ಬಿಯಲ್ಲಿ ಬರುತ್ತವೆ. ಅವನ್ನೆಲ್ಲ ಕೂರಿಸುವ ಮರದ ದೊಡ್ಡ ಮೇಜಿನಂಥ ಪೆಟ್ಟಿಗೆ ಇನ್ನೊಂದು ಭಾಗ. ಅದನ್ನು ಕನ್ಸೋಲ್ ಅನ್ನುತ್ತಾರೆ. ಕಾಲಿನಿಂದ ಒತ್ತುವ ಪಟ್ಟಿಗಳೂ ಅದರ ಬುಡದಲ್ಲೇ ಇರುತ್ತವೆ. ಕನ್ಸೋಲ್ ಹಡಗಿನಲ್ಲಿ ಬಂದರೆ ದುಬಾರಿ. ಅದಕ್ಕೇ ಸೇಠ್ ಅದನ್ನು ನನ್ನಿಂದ ಮಾಡಿಸುತ್ತಿದ್ದ. ಕೋಠಿಯ ಹಿಂದಿನ ಓಣಿಯಲ್ಲಿ ನಮ್ಮ ಕಾರ್ಖಾನೆ ಇತ್ತು. ಕಾರ್ಖಾನೆ ಅಂದರೆ ಒಂದು ತಗಡಿನ ಮಾಡು, ಒಂದು ಗರಗಸದ ಯಂತ್ರ, ಮತ್ತು ನಾನು.

ಮೊದಮೊದಲು ಕೆಡವಿದ ಮನೆಗಳ ಹಳೆಯ ಸಾಗವಾನಿ ಬಾಗಿಲುಗಳಿಂದ ಕನ್ಸೋಲ್ ಮಾಡುತ್ತಿದ್ದೆ. ಆ ಮರ ಹತ್ತಾರು ಬೇಸಿಗೆ, ಮಳೆಗಾಲ ನೋಡಿದ್ದು. ಬಗ್ಗುವುದು, ಉಬ್ಬುವುದು ಎಲ್ಲ ಬಾಗಿಲಾಗಿದ್ದಾಗಲೇ ಮುಗಿಸಿಕೊಂಡು ಬಂದಿರುತ್ತಿತ್ತು. ನಗರದಲ್ಲಿ ಮೆಟ್ರೋ ಕಂಬಗಳು ಏಳುತ್ತಿದ್ದ ವರ್ಷಗಳಲ್ಲಿ ಒಂದು ಹಳೆಯ ಕಲ್ಲಿನ ಚರ್ಚಿನಿಂದ ಆರ್ಡರ್ ಬಂತು. ಈಸ್ಟರ್‌ಗೆ ಬೇಕೆಂದರು. ಆ ಸಲ ಬಾಗಿಲುಗಳು ಸಿಗಲಿಲ್ಲ. ಸೇಠ್ ಒಳ್ಳೆಯ ಪ್ಲೈವುಡ್ ತರಿಸುತ್ತೇನೆ, ನಾಲ್ಕು ದಿನ ತಾಳು ಎಂದ. ನಾನು ತಾಳಲಿಲ್ಲ. ಮೂಲೆಯಲ್ಲಿ ಮರದ ಪುಡಿಗೆ ಅಂಟು ಬೆರೆಸಿ ಒತ್ತಿದ ಹಲಗೆಗಳು ಬಿದ್ದಿದ್ದವು. ಅಡಿಗೆಮನೆಯ ಕಪಾಟು ಮಾಡುವಂಥವು. ಅವುಗಳ ಮೇಲೆ ಸಾಗವಾನಿಯ ತೆಳು ಸಿಪ್ಪೆ, ಅಂದರೆ ವಿನಿಯರ್, ಅಂಟಿಸಿ ಪಾಲಿಶ್ ಹೊಡೆದೆ. ಮರದ ಕೆಲಸ ಸುಳ್ಳು ಹೇಳುವುದಿಲ್ಲ ಅನ್ನುವವರಿದ್ದಾರೆ. ಅವರು ವಿನಿಯರ್ ನೋಡಿಲ್ಲ.

ನನಗೆ ಅವಸರ ಯಾಕಿತ್ತು ಎಂದು ಈಗ ಕೇಳಿಕೊಂಡರೆ ಹೇಳಿಕೊಳ್ಳುವಂಥ ಕಾರಣವಿಲ್ಲ. ಕೆಲಸ ಬೇಗ ಮುಗಿಸುವವನು ಎಂದು ಹೆಸರಿತ್ತು. ಆ ಹೆಸರು ನನಗೆ ಹಿಡಿಸುತ್ತಿತ್ತು, ಅಷ್ಟೆ.

ಸೇಠ್ ಬಂದು ನೋಡಿದ. ಸುತ್ತ ತಿರುಗಿದ. ಮೂಲೆ ಹಿಡಿದು ಎತ್ತಿದ. ಕನ್ಸೋಲ್ ಸುಲಭವಾಗಿ ಮೇಲೆದ್ದಿತು.

"ಹಲ್ಕಾ ಹೈ ಮಿಸ್ತ್ರಿ," ಎಂದ. ಹಗುರ ಆಯಿತು ಎಂದು. "ಪಾದ್ರಿ ಎತ್ತಿ ನೋಡ್ತಾನ. ಖುರ್ಚಿ ಎತ್ತಿದಂಗ ಎತ್ತಿಬಿಡ್ತಾನ."

ಸೇಠ್ ನನ್ನೊಂದಿಗೆ ಅರ್ಧ ಉರ್ದು, ಅರ್ಧ ನನ್ನಿಂದಲೇ ಕಲಿತ ಕನ್ನಡ ಆಡುತ್ತಿದ್ದ. ಎರಡರಲ್ಲೂ ಅವನು ಹೇಳಿದ್ದು ನಿಜವೇ ಆಗಿತ್ತು.

ಆಗ ನನಗೆ ಉಪಾಯ ಹೊಳೆಯಿತು. ನಮ್ಮ ಮನೆಯ ಹಿತ್ತಲಲ್ಲಿ ಒಂದು ಶಹಾಬಾದ್ ಫರಸಿ ಕಲ್ಲು ಇತ್ತು. ನಮ್ಮ ಕಡೆ ನೆಲಕ್ಕೆ, ಮೆಟ್ಟಿಲಿಗೆ, ಎಲ್ಲದಕ್ಕೂ ಹಾಕುವ ಕಲ್ಲು ಅದೇ. ಈ ಕಲ್ಲನ್ನು ನನ್ನ ಹೆಂಡತಿ ಬಟ್ಟೆ ಒಗೆಯಲೆಂದು ತರಿಸಿಕೊಂಡಿದ್ದಳು. ಅದನ್ನು ಆಟೋದಲ್ಲಿ ಹೇರಿಕೊಂಡು ಬಂದು ಕನ್ಸೋಲಿನ ತಳದ ಹಲಗೆಯ ಮೇಲೆ ಕೂರಿಸಿದೆ. ಜಾರದಂತೆ ನಾಲ್ಕು ಕಡೆ ಪಟ್ಟಿ ಹೊಡೆದು, ಮೇಲೆ ಇನ್ನೊಂದು ಹಲಗೆ ಮುಚ್ಚಿದೆ. ಸೇಠ್ ಮತ್ತೆ ಎತ್ತಲು ನೋಡಿದ. ಆಗಲಿಲ್ಲ.

"ಕ್ಯಾ ದಿಮಾಗ್ ಹೈ ರೇ ತೇರಾ," ಎಂದು ಬೆನ್ನು ತಟ್ಟಿದ. ಅಷ್ಟು ವರ್ಷದಲ್ಲಿ ಅವನು ನನ್ನ ತಲೆಯನ್ನು ಹೊಗಳಿದ್ದು ಆ ಒಂದು ಸಲ.

ಮನೆಯಲ್ಲಿ ಹೆಂಡತಿ, "ನನ್ನ ಒಗಿಯೂ ಕಲ್ಲ ಎಲ್ಲಿ ಹೋತ್ರಿ?" ಎಂದಳು.

"ಚರ್ಚಿಗೆ ಬೇಕಾಗಿತ್ತು," ಎಂದೆ.

"ಅವರೂ ಅರಬಿ ಒಗಿತಾರೇನು?"

ಚರ್ಚಿನಿಂದ ಮೂವರು ನೋಡಲು ಬಂದರು. ಪಾದ್ರಿ, ರೈಲ್ವೆಯಿಂದ ನಿವೃತ್ತರಾದ ಒಬ್ಬ ಹಿರಿಯರು, ಮತ್ತು ಆರ್ಗನ್ ನುಡಿಸುವ ಹೆಂಗಸು. ಅವರ ಕೂದಲು ಅರ್ಧ ಬೆಳ್ಳಗಾಗಿತ್ತು. ಶಾಲೆಯಲ್ಲಿ ಸಂಗೀತ ಕಲಿಸಿ ನಿವೃತ್ತರಾದವರು. ಪಾದ್ರಿ ತಟ್ಟಿದರು. ರೈಲ್ವೆಯವರು ಕನ್ನಡಕ ತೆಗೆದು ಜೇಬಿಗಿಟ್ಟುಕೊಂಡು ಮೂಲೆ ಹಿಡಿದರು. ಕೊರಳಿನ ನರ ಉಬ್ಬಿತು, ಕನ್ಸೋಲ್ ಅಲುಗಲಿಲ್ಲ. "ಬರುವುಂದಿ," ಎಂದರು ತೆಲುಗಿನಲ್ಲಿ. ತೂಕ ಇದೆ ಎಂದು. ಅಲ್ಲಿಗೆ ಪರೀಕ್ಷೆ ಮುಗಿಯಿತು. ಸೇಠ್ ಚಹಾ ತರಿಸಿದ.

ನಾನು ಹಿಂದೆ ಕುಳಿತು ಒಂದು ಸ್ಕ್ರೂ ಬಿಗಿ ಮಾಡುತ್ತಿದ್ದೆ. ಅದು ಹಿಡಿಯದೆ ತಿರುಗುತ್ತಿತ್ತು. ಪುಡಿಯ ಹಲಗೆಯಲ್ಲಿ ಸ್ಕ್ರೂ ಹಾಗೇ ತಿರುಗುತ್ತದೆ. ಬಾಯಿಂದ ಕನ್ನಡದಲ್ಲಿ ಒಂದು ಬೈಗುಳ ಬಂತು.

"ಯಾವೂರ್ರಿ ನಿಮ್ದು?" ಎಂದು ಆ ಹೆಂಗಸು ಕೇಳಿದರು.

ನಾಲಿಗೆ ಕಚ್ಚಿಕೊಂಡು, "ಲಿಂಗಸೂರ ಕಡೇರಿ," ಎಂದೆ.

"ನಾ ಗದಗಿನಾಕಿ. ಬೈಗುಳ ಭಾಳ ದಿನದ ಮ್ಯಾಲ ಕಿವಿಗೆ ಬಿತ್ತು. ಚೊಲೋ ಆತು." ಆಮೇಲೆ ಚಹಾ ಕುಡಿಯುತ್ತಿದ್ದವರ ಕಡೆ ನೋಡಿ, "ಎಲ್ಲಾರೂ ಎತ್ತಿ ನೋಡಿದ್ರಿ. ನಾ ನುಡಿಸಿ ನೋಡ್ಲೇನು?" ಎಂದರು.

ಕುಳಿತು ಒಂದು ಕೀರ್ತನೆ ನುಡಿಸಿದರು. ಅವರ ಒತ್ತು ಬಹಳ ಮೆತ್ತಗೆ. ಬೆರಳು ಕೀಯನ್ನು ಒತ್ತುವುದಕ್ಕಿಂತ ಕೀಯ ಮೇಲೆ ಕೂರುತ್ತಿತ್ತು ಅನ್ನಬೇಕು. ನಮ್ಮ ಕಡೆ ಶಿಕ್ಷಕಿಯರನ್ನು ಅಕ್ಕೋರು ಅನ್ನುತ್ತೇವೆ. ಅಂದಿನಿಂದ ನಾನೂ ಅವರನ್ನು ಹಾಗೇ ಕರೆದೆ.

"ಧ್ವನಿ ಚೊಲೋ ಐತಿ," ಎಂದರು. "ಆದ್ರ ಯಾಕೋ ಪೆಟಿಗಿ ಮಾತಾಡವಲ್ದು. ನಮ್ಮ ಹಳೇದು ನುಡಿಸಿದ್ರ ಮೊಳಕಾಲಿಗೆ ಗೊತ್ತಾಗತಿತ್ತು."

"ಇದು ಭಾಳ ಗಟ್ಟಿ ಐತ್ರಿ ಅಕ್ಕೋರ. ಅದಕ್ಕ ಅದರಂಗಿಲ್ಲ," ಎಂದೆ.

"ಮಾಡಿದವ್ರು ನೀವು. ನಿಮಗ ಗೊತ್ತು," ಎಂದು ಎದ್ದರು.

ಈಸ್ಟರ್ ಚೆನ್ನಾಗಿ ನಡೆಯಿತು. ಆಮೇಲೆ ಮಳೆಗಾಲ ಬಂತು. ಆ ಚರ್ಚಿನ ಕಿಟಕಿಗಳು ದೊಡ್ಡವು, ನೆಲ ತಂಪು. ಆಷಾಢದ ಬೋನಾಲು ಹಬ್ಬ ಮುಗಿದಿತ್ತು, ಸೇಠ್ ನನ್ನನ್ನು ಕರೆದು ಚರ್ಚಿಗೆ ಹೋಗಿ ಬಾ ಎಂದ. ಕೆಲವು ಸ್ವರ ಬರುತ್ತಿಲ್ಲವಂತೆ.

ಹೋದೆ. ಚರ್ಚಿನಲ್ಲಿ ಅಕ್ಕೋರು ಒಬ್ಬರೇ ಇದ್ದರು. ಕೆಳಸಾಲಿನ ನಡುವಿನ ಕೀಗಳನ್ನು ಒತ್ತಿ ತೋರಿಸಿದರು. ಮೂರು ಒತ್ತಿದರೆ ಒಂದು ಬರುತ್ತಿರಲಿಲ್ಲ. ನಾನು ಹಿಂದಿನ ಹಲಗೆ ಬಿಚ್ಚಿ ಟಾರ್ಚ್ ಹಾಕಿ ನೋಡಿದೆ. ನೋಡಿದ ಕೂಡಲೇ ತಿಳಿಯಿತು.

ತಳದ ಹಲಗೆ ತೇವ ಕುಡಿದು ಬ್ರೆಡ್ಡಿನಂತೆ ಉಬ್ಬಿತ್ತು. ಕಲ್ಲಿನ ಭಾರಕ್ಕೆ ನಡುವೆ ಜೋತಿತ್ತು. ತಳ ಜೋತಾಗ ಎರಡು ಪಕ್ಕದ ಹಲಗೆಗಳೂ ಒಳಕ್ಕೆ ವಾಲಿದ್ದವು. ಅವುಗಳ ನಡುವೆ ಸಿಕ್ಕಿದ ಕೀಗಳ ಮಣೆ ಬಿಲ್ಲಿನಂತೆ ಕೆಳಕ್ಕೆ ಬಾಗಿತ್ತು. ಬಾಗಿದ್ದು ಕೂದಲೆಳೆಯಷ್ಟು. ಆದರೆ ಕೀಯ ಕೆಳಗಿನ ರಬ್ಬರ್ ಗುಂಡಿ ಮಣೆ ಮುಟ್ಟಿದರೆ ಮಾತ್ರ ಸ್ವರ ಬರುವುದು. ಈಗ ಮೆತ್ತಗೆ ಒತ್ತಿದರೆ ಗುಂಡಿ ಮುಟ್ಟುವ ಮೊದಲೇ ಕೀ ನಿಂತುಬಿಡುತ್ತಿತ್ತು. ಗಟ್ಟಿ ಎಂದು ತೋರಿಸಲು ಇಟ್ಟ ಕಲ್ಲು ಪೆಟ್ಟಿಗೆಯನ್ನು ಒಳಗಿನಿಂದ ಮುರಿಯುತ್ತಿತ್ತು. ಕಲ್ಲು ಇಡದೆ ಹಗುರ ಪೆಟ್ಟಿಗೆಯನ್ನೇ ಕೊಟ್ಟಿದ್ದರೆ ಇನ್ನೂ ಕೆಲವು ವರ್ಷ ಬಾಳುತ್ತಿತ್ತು.

ಹಲಗೆ ಮುಚ್ಚಿದೆ. ಮುಂದೆ ಬಂದು ಅದೇ ಕೀಯನ್ನು ಹೆಬ್ಬೆರಳಿನಿಂದ ಬಲವಾಗಿ ಒತ್ತಿದೆ. ಸ್ವರ ಬಂತು.

"ಬರ್ತೈತಲ್ರಿ."

"ನೀವು ಒತ್ತಿದ್ರ ಬರ್ತೈತಿ. ನಾ ಒತ್ತಿದ್ರ ಬರವಲ್ದು. ನೋಡ್ರಿ." ಒತ್ತಿದರು. ಬರಲಿಲ್ಲ. "ನನ್ನ ಬೆರಳಿಗೆ ಏನರ ಆಗೇತೇನು?"

ಅವರು ಸುಮ್ಮನೆ ಕೇಳಿದ್ದು. ಇಲ್ಲರಿ, ಪೆಟಿಗಿ ಕೆಟ್ಟೈತಿ ಅನ್ನುವುದಷ್ಟೇ ನನ್ನ ಕೆಲಸ. ಆದರೆ ಹಾಗೆಂದರೆ ಬಿಚ್ಚಬೇಕು. ಬಿಚ್ಚಿದರೆ ಎಲ್ಲರ ಎದುರು ಒಗೆಯುವ ಕಲ್ಲು ಹೊರಗೆ ಬರುತ್ತದೆ. ರೈಲ್ವೆಯವರ ಮುಖ ಕಣ್ಣ ಮುಂದೆ ಬಂತು.

"ವಯಸ್ಸ ಆತಲ್ರಿ ಅಕ್ಕೋರ," ಎಂದೆ.

ಅವರು ಕೈಗಳನ್ನು ತಮ್ಮ ಮುಂದೆ ಹಿಡಿದು ಒಮ್ಮೆ ಮೇಲೆ, ಒಮ್ಮೆ ಕೆಳಗೆ ತಿರುಗಿಸಿ ನೋಡಿದರು. ಬೇರೆಯವರ ವಸ್ತುವನ್ನು ನೋಡಿದ ಹಾಗೆ. "ಹೌದಲ್ಲ," ಎಂದರು. "ನಾ ಪೆಟಿಗಿನ್ನ ಬೈಯಾಕತ್ತಿದ್ದೆ." ಆಮೇಲೆ, ಇಷ್ಟು ದೂರ ಬಂದಿರಿ ಎಂದು ನನಗೆ ಫ್ಲಾಸ್ಕಿನಿಂದ ಚಹಾ ಕೊಟ್ಟರು. ನಾನು ಕುಡಿದೆ. ಸಕ್ಕರೆ ಹದವಾಗಿತ್ತು.

ಸ್ವಲ್ಪ ದಿನ ಅವರು ಬಲವಾಗಿ ಒತ್ತಿ ನುಡಿಸಲು ನೋಡಿದರಂತೆ. ಅವರಿಗೆ ಅದು ಒಗ್ಗಲಿಲ್ಲ. ಭಾನುವಾರ ಜನ ಹಾಡುತ್ತ ಒಂದು ಸಾಲು ಮುಂದೆ ಹೋದರೆ ಆರ್ಗನ್ ನಡುವೆ ಸ್ವರ ನುಂಗುತ್ತಿತ್ತು. ಕ್ರಿಸ್‌ಮಸ್ ಬರುವ ಮೊದಲೇ ಅವರು ಪಾದ್ರಿಗೆ ಹೇಳಿ ನುಡಿಸುವುದನ್ನು ಬಿಟ್ಟುಬಿಟ್ಟರು. ಚರ್ಚಿನವರು ಸಣ್ಣ ಕೀಬೋರ್ಡಿಗೆ ಸ್ಪೀಕರ್ ಜೋಡಿಸಿ ನುಡಿಸುವ ಒಬ್ಬನನ್ನು ಗೊತ್ತು ಮಾಡಿಕೊಂಡರು. ಆರ್ಗನ್ನಿಗೆ ಬಟ್ಟೆ ಹೊದಿಸಿ, ಮೇಲೆ ಹೂದಾನಿ ಇಟ್ಟರು. ಭಾರವಾಗಿದ್ದರಿಂದ ಅದನ್ನು ಯಾರೂ ಅಲ್ಲಿಂದ ಸರಿಸಲಿಲ್ಲ. ಇದೆಲ್ಲ ನನಗೆ ಸೇಠ್ ಹೇಳಿದ. ಮಾಲು ವಾಪಸ್ ಬರಲಿಲ್ಲ ಎಂದು ಅವನಿಗೆ ಸಂತೋಷ. ನನಗೂ ಸಂತೋಷವಾಯಿತು. ಅದನ್ನೂ ಬರೆಯಬೇಕು.

ವರ್ಷಗಳು ಹೋದವು. ಸೇಠ್ ತೀರಿಕೊಂಡ. ಅವನ ಮಕ್ಕಳು ಅಂಗಡಿಯಲ್ಲಿ ಮೊಬೈಲ್ ಕವರ್ ಮಾರಲು ಶುರು ಮಾಡಿದರು. ಮೊಬೈಲ್ ಕವರ್‌ಗೆ ನನ್ನ ಅಗತ್ಯವಿರಲಿಲ್ಲ.

ಹೋದ ವರ್ಷ ಕೋಠಿಯಲ್ಲಿ ನನ್ನ ಬಿಪಿ ಮಾತ್ರೆಗೆ ಹೋಗಿದ್ದೆ. ಔಷಧಿ ಅಂಗಡಿಯ ಕಟ್ಟೆಯ ಬಳಿ ಅಕ್ಕೋರು ನಿಂತಿದ್ದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಅವರೇ ಗುರುತು ಹಿಡಿದರು.

"ಏನ್ರಿ ಲಿಂಗಸೂರ, ಇನ್ನೂ ಬೈತೀರೇನು ಸ್ಕ್ರೂಗೋಳಿಗೆ?"

"ಸ್ಕ್ರೂನೂ ಇಲ್ರಿ, ಅಂಗಡಿನೂ ಇಲ್ಲ. ನೀವೇನ್ರಿ ಇಲ್ಲಿ?"

"ಗುಳಗಿ. ಬೆರಳಿಗೆ. ಅವತ್ತ ನೀವು ಹೇಳಿದ್ರೆಲ್ಲಾ, ಮರುವಾರನ ಡಾಕ್ಟರ ಕಡೆ ಹೋದೆ. ಆತ ಏನೂ ಕಾಣವಲ್ದು ಅಂದ. ನಾ ಬಿಡಲಿಲ್ಲ. ಇನ್ನೊಬ್ಬನ ಕಡೆ ಹೋದೆ. ಆತ ಕೊಟ್ಟ. ಕೈಗೆ ಕೆಲಸ ಕೊಡಬ್ಯಾಡ್ರಿ ಅಂದ." ಚೀಲದಿಂದ ಮಾತ್ರೆಯ ಹಾಳೆ ತೆಗೆದು ತೋರಿಸಿದರು. "ಹೊಟ್ಟಿ ಉರಿತೈತಿ. ಅದಕ್ಕೊಂದು ಬ್ಯಾರೆ ಗುಳಗಿ."

ಹಲಗೆಗೆ ಬಂದ ರೋಗಕ್ಕೆ ಅವರು ಇಷ್ಟು ವರ್ಷ ಮಾತ್ರೆ ನುಂಗಿದ್ದರು. ನಾನು ಅವರ ಚೀಲ ಹಿಡಿದು ಆಟೋವರೆಗೆ ಬಿಟ್ಟು ಬಂದೆ. "ದೇವರು ನಿಮಗ ಚೊಲೋ ಮಾಡ್ಲಿ," ಎಂದರು. ಆಟೋ ಹೋಯಿತು. ನಾನು ನನ್ನ ಮಾತ್ರೆ ಕೊಳ್ಳುವುದನ್ನು ಮರೆತು ಮನೆಗೆ ಬಂದೆ.

ಹೆಂಡತಿಗೆ ಎಲ್ಲ ಹೇಳಿದೆ. ಅವಳು ಕೊತ್ತಂಬರಿ ಸೋಸುತ್ತಿದ್ದಳು. ಪೂರ್ತಿ ಕೇಳಿದಳು.

"ಅಂದ್ರ ಕಲ್ಲ ಇನ್ನೂ ಅಲ್ಲೇ ಐತಿ."

"ಐತಿ."

"ಇದನ್ನೆಲ್ಲಾ ನನಗ ಹೇಳಿದ್ರ ಏನ ಬಂತ್ರಿ? ಗುಳಗಿ ನುಂಗಾಕತ್ತಾಕಿ ನಾನೇನು? ಆಕಿಗೆ ಹೋಗಿ ಹೇಳ್ರಿ."

ಪಾದ್ರಿಯ ಮನೆಯಲ್ಲಿ ವಿಳಾಸ ಕೇಳಿಕೊಂಡು ಹೋದೆ. ಕಾಚಿಗೂಡ ಸ್ಟೇಷನ್ನಿನ ಹಿಂದೆ ಒಂದು ಹಳೆಯ ಮನೆಯ ಮೇಲಿನ ಎರಡು ಕೋಣೆ. ಅಕ್ಕೋರು ಚಹಾ ಇಟ್ಟರು. ನಾನು ಕಪ್ಪು ಮುಟ್ಟದೆ ಕುಳಿತೆ.

"ಹೇಳ್ರಿ. ಚಾ ಆರತೈತಿ."

"ನಿಮ್ಮ ಬೆರಳಿಗೆ ಏನೂ ಆಗಿರಲಿಲ್ರಿ ಅಕ್ಕೋರ."

"ನೀವು ಯಾವಾಗ ಡಾಕ್ಟರ ಆದ್ರಿ?"

"ಡಾಕ್ಟರ ಅಲ್ರಿ. ಪೆಟಿಗಿ ಮಾಡಿದವ."

ಹಲಗೆ, ಕಲ್ಲು, ಮಳೆ, ಬಾಗಿದ ಮಣೆ, ಎಲ್ಲ ಹೇಳಿದೆ. ಅವತ್ತೇ ನನಗೆ ಗೊತ್ತಿತ್ತು ಅನ್ನುವುದನ್ನೂ ಹೇಳಿದೆ. ಕೆಳಗೆ ಒಂದು ರೈಲು ಹೊರಡುವುದನ್ನು ಮೈಕಿನಲ್ಲಿ ಮೂರು ಭಾಷೆಯಲ್ಲಿ ಹೇಳಿದರು. ಮೂರೂ ಮುಗಿದ ಮೇಲೆ ಅಕ್ಕೋರು, "ಎಂಥಾ ಕಲ್ಲು?" ಎಂದರು.

"ಶಹಾಬಾದ ಫರಸಿರಿ. ನನ್ನ ಹೇಣ್ತಿ ಅರಬಿ ಒಗ್ಯಾಕ ತಂದದ್ದು."

"ನಾ ಒಗಿಯೂ ಕಲ್ಲಿನ ಮುಂದ ಕೂತು ದೇವರ ಸ್ತುತಿ ಮಾಡೀನಿ ಹಂಗಾರ." ಅವರು ನಗಲಿಲ್ಲ. "ವಯಸ್ಸ ಆತು ಅಂದ್ರೆಲ್ಲಾ, ಅವತ್ತ ನನಗ ವಯಸ್ಸ ಆಗಿರಲಿಲ್ಲ. ನೀವು ಅಂದ ಮ್ಯಾಲ ಆತು."

ಅವರು ಆರಿದ ಚಹಾದ ಕಪ್ಪನ್ನು ಬದಿಗೆ ಸರಿಸಿದರು.

"ಕ್ಷಮಾ ಕೇಳಾಕ ಬಂದೀರೇನು?"

"ಹೌದ್ರಿ."

"ಅದು ಆಮ್ಯಾಲ. ಮೊದಲ ಕಲ್ಲ ತಗೀರಿ."

ಪಾದ್ರಿಗೆ ಅವರೇ ಹೇಳಿ ಅನುಮತಿ ತೆಗೆದರು. ಪಾದ್ರಿ ಬೇರೆಯವರು ಬಂದಿದ್ದರು. ರೈಲ್ವೆಯ ಹಿರಿಯರು ತೀರಿಹೋಗಿದ್ದರು. ಅಂದು ನಾನು ಯಾವ ಮುಖಕ್ಕೆ ಹೆದರಿದ್ದೆನೋ ಅದು ಅಲ್ಲಿ ಇರಲೇ ಇಲ್ಲ. ಹೂದಾನಿ ಇಳಿಸಿ, ಬಟ್ಟೆ ತೆಗೆದೆ. ಹೊರಗಿನ ಪಾಲಿಶ್ ಇನ್ನೂ ಹೊಳೆಯುತ್ತಿತ್ತು. ಅದೊಂದನ್ನು ಚೆನ್ನಾಗಿ ಮಾಡಿದ್ದೆ. ಒಳಗೆ ತಳದ ಹಲಗೆ ಕೈ ಹಾಕಿದರೆ ಹಿಡಿಹಿಡಿಯಾಗಿ ಬರುತ್ತಿತ್ತು. ಕಲ್ಲು ಮಾತ್ರ ಇಟ್ಟ ಹಾಗೇ ಇತ್ತು. ಕಾವಲುಗಾರನೂ ನಾನೂ ಸೇರಿ ಎಳೆದು ಹೊರಗೆ ಹಾಕಿದೆವು. ಅಕ್ಕೋರು ಮುಂದಿನ ಬೆಂಚಿನಲ್ಲಿ ಕುಳಿತು ನೋಡಿದರು. ಎದ್ದು ಬಂದು ಚಪ್ಪಲಿಯ ತುದಿಯಿಂದ ಕಲ್ಲನ್ನು ಒಮ್ಮೆ ಮುಟ್ಟಿದರು.

ಮನೆಯಲ್ಲಿ ಒಂದು ಹಳೆಯ ಬಾಗಿಲ ಚೌಕಟ್ಟು ಇಟ್ಟುಕೊಂಡಿದ್ದೆ. ಸಾಗವಾನಿ. ಅದನ್ನು ಕೊಯ್ದು ತಳಕ್ಕೆ ಅಡ್ಡಪಟ್ಟಿ, ಪಕ್ಕಗಳಿಗೆ ಆಧಾರ, ಕೀಗಳಿಗೆ ಹೊಸ ಮಣೆ ಮಾಡಿದೆ. ಪ್ಲೈವುಡ್ ಬರುವವರೆಗೆ ಈ ಸಲ ಕಾದೆ. ನನ್ನ ಕೈ ಈಗ ನಡುಗುತ್ತದೆ. ಮೊದಲು ಒಂದು ಸಂಜೆಯಲ್ಲಿ ಮಾಡುತ್ತಿದ್ದ ಕೆಲಸಕ್ಕೆ ವಾರ ಹಿಡಿಯಿತು. ಕಲ್ಲನ್ನು ಆಟೋದಲ್ಲಿ ಮನೆಗೆ ತಂದೆ. ಹೆಂಡತಿ ಬಾಗಿಲಲ್ಲಿ ನಿಂತು ನೋಡಿ, "ಈಗ ಮನ್ಯಾಗ ಮಷೀನ ಐತಿ," ಎಂದಳು. ಕಲ್ಲು ಹಿತ್ತಲಲ್ಲಿ ಗೋಡೆಗೆ ಒರಗಿಕೊಂಡಿದೆ.

ಕೆಲಸ ಮುಗಿದ ಶನಿವಾರ ಮಧ್ಯಾಹ್ನ ಅಕ್ಕೋರು ಬಂದು ಕುಳಿತರು. ಅದಕ್ಕೆ ಮೊದಲು ನಾನು ಪ್ರತಿ ಕೀಯನ್ನೂ ಕಿರುಬೆರಳಿನಿಂದ ಮೆತ್ತಗೆ ಒತ್ತಿ ನೋಡಿದ್ದೆ. ಎಲ್ಲವೂ ಬರುತ್ತಿದ್ದವು. ಅವರು ಅಂಗಡಿಯಲ್ಲಿ ನುಡಿಸಿದ್ದ ಅದೇ ಕೀರ್ತನೆ ಎತ್ತಿಕೊಂಡರು. ಮೊದಲ ಸಾಲು ಸರಿಯಾಗಿ ಬಂತು. "ಮೊಳಕಾಲಿಗೆ ಗೊತ್ತಾಗಾಕತ್ತೈತಿ," ಎಂದರು, ತಿರುಗದೆಯೇ. ಎರಡನೆಯ ಸಾಲಿನಲ್ಲಿ ಒಂದು ಸ್ವರ ತಪ್ಪಿತು. ಮೂರನೆಯದರಲ್ಲಿ ಎರಡು. ಉಂಗುರ ಬೆರಳು ಏಳುತ್ತಿರಲಿಲ್ಲ. ಇಷ್ಟು ವರ್ಷ ಕೆಲಸ ಕೊಡದ ಬೆರಳು, ತಾನಾಗಿ ಗಟ್ಟಿಯಾಗಿಬಿಟ್ಟಿತ್ತು.

ಅವರು ನಿಲ್ಲಿಸಿ, ಬೆಂಚಿನ ಮೇಲೆ ಅರ್ಧ ತಿರುಗಿ ನನ್ನನ್ನು ನೋಡಿದರು.

"ಈಗ ಯಾವ್ದ್ರಿ? ಪೆಟಿಗಿನೋ, ಬೆರಳೋ?"

ನಾನು ಹಿಂದೆ ಹೋಗಿ ಟಾರ್ಚ್ ಹಾಕಿದೆ. ನೋಡುವುದಕ್ಕೆ ಏನೂ ಇರಲಿಲ್ಲ, ಆದರೂ ನೋಡಿದೆ. ಮಣೆ ನೇರವಾಗಿತ್ತು. ಪಟ್ಟಿಗಳು ಬಿಗಿಯಾಗಿದ್ದವು. ಪೆಟಿಗಿರಿ ಎಂದು ಹೇಳುವುದು ಬಹಳ ಸುಲಭವಿತ್ತು. ಇನ್ನೊಂದು ಸ್ಕ್ರೂ ಬಿಗಿ ಮಾಡಿದ ಹಾಗೆ ಮಾಡಿದರೆ ಅವರು ನಂಬುತ್ತಿದ್ದರು, ಅಥವಾ ನಂಬಿದ ಹಾಗೆ ಮಾಡಿ ಮನೆಗೆ ಹೋಗುತ್ತಿದ್ದರು. ಅದು ಕರುಣೆ ಅನ್ನಿಸಿಕೊಳ್ಳಲೂಬಹುದಿತ್ತು. ಆದರೆ ಈ ಪ್ರಶ್ನೆಗೆ ನಾನು ಒಮ್ಮೆ ಸುಳ್ಳು ಹೇಳಿಯಾಗಿತ್ತು.

"ಬೆರಳ್ರಿ ಅಕ್ಕೋರ," ಎಂದೆ.

ಅವರು ಕೈ ಎತ್ತಿ, ಅವತ್ತಿನ ಹಾಗೇ, ಮೇಲೆ ಕೆಳಗೆ ತಿರುಗಿಸಿ ನೋಡಿದರು.

"ಖರೇ?"

"ಖರೇ."

"ಹಂಗಾರ ಇನ್ನೊಮ್ಮೆ," ಎಂದು ಮೊದಲ ಸಾಲಿನಿಂದ ಶುರು ಮಾಡಿದರು.

ಮಾತ್ರೆ ಬಿಟ್ಟಿದ್ದಾರೆ. ಶನಿವಾರ ಮಧ್ಯಾಹ್ನ ಚರ್ಚು ಖಾಲಿ ಇರುತ್ತದೆ, ಆಗ ಬಂದು ನುಡಿಸುತ್ತಾರೆ. ನಾನೂ ಹೋಗಿ ಹಿಂದಿನ ಬೆಂಚಿನಲ್ಲಿ ಕೂರುತ್ತೇನೆ. ಸ್ವರ ತಪ್ಪಿದಾಗಲೆಲ್ಲ ಅವರು ತಿರುಗದೆ, "ಯಾವ್ದು?" ಎನ್ನುತ್ತಾರೆ. ನಾನು "ಬೆರಳು" ಎನ್ನುತ್ತೇನೆ. ಭಾನುವಾರ ನುಡಿಸುವ ಮಟ್ಟಕ್ಕೆ ಅವರು ಬರಲಿಕ್ಕಿಲ್ಲ. ಅದು ಇಬ್ಬರಿಗೂ ಗೊತ್ತಿದೆ. ಕ್ಷಮೆಯ ಮಾತನ್ನು ಅವರು ಮತ್ತೆ ಎತ್ತಿಲ್ಲ, ನಾನೂ ಕೇಳಿಲ್ಲ. ಮೊನ್ನೆ ಒಂದು ಕೀರ್ತನೆ ಪೂರ್ತಿ ಒಂದೇ ತಪ್ಪಿನಲ್ಲಿ ಮುಗಿಯಿತು. ಅವರು "ಯಾವ್ದು?" ಎಂದರು. ಹೇಳಿದೆ. ಫ್ಲಾಸ್ಕಿನಿಂದ ಚಹಾ ಬಗ್ಗಿಸಿ ಕೊಟ್ಟರು.